ಇನ್ನೂರೈವತ್ತು ಓಮ್

ಎರಡನೆಯ ಹೆಡ್‌ಫೋನನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟಾಗ ಅದು ಇನ್ನೂರ ತೊಂಬತ್ತು ಗ್ರಾಂ ತೋರಿಸಿತು. ತೇಜಸ್ ವಯರನ್ನು ತಕ್ಕಡಿಗೆ ತಾಗದಂತೆ ಎತ್ತಿ ಹಿಡಿದು ಮತ್ತೊಮ್ಮೆ ನೋಡಿದ. ಇನ್ನೂರ ಐವತ್ತೆಂಟು. ನೋಟ್‌ಬುಕ್ಕಿನಲ್ಲಿ 'ಆ' ಎಂದು ಬರೆದಿದ್ದ ಕಂಬಸಾಲಿನ ಕೆಳಗೆ ಆ ಅಂಕಿಯನ್ನೇ ಬರೆದು, ಪಕ್ಕದಲ್ಲಿ ಸಣ್ಣದಾಗಿ 'ವಯರ್ ಬಿಟ್ಟು' ಎಂದು ಸೇರಿಸಿದ.

"ಅದ್ರಲ್ಲಿ ನಾನು ಮೈದಾ ತೂಗ್ಬೇಕು," ಎಂದರು ಬಾಗಿಲಲ್ಲಿ ನಿಂತ ಅತ್ತೆ ಕಾಮಾಕ್ಷಮ್ಮ. "ಕಿವಿಗೆ ಹಾಕ್ಕಳೋದನ್ನ ತೂಗಿ ಏನ್ಮಾಡ್ತೀರಿ?"

"ಐದೇ ನಿಮಿಷ ಅತ್ತೆ."

"ನಿಮ್ಮ ಐದು ನಿಮಿಷ ನಂಗೊತ್ತಿಲ್ವಾ? ಮೊನ್ನೆ ಹಿಂಗೇ ಅಂದು ಮಧ್ಯಾಹ್ನದ ಊಟ ನಾಕು ಗಂಟೆಗೆ ಮಾಡಿದ್ರಿ." ನಗುತ್ತಲೇ ಅಂದು ಅವರು ಹೊರಟುಹೋದರು.

ಪಾರ್ಸಲ್ ಬಂದು ಮೂರು ದಿನವಾಗಿತ್ತು. ಮೂರು ಹೆಡ್‌ಫೋನುಗಳು, ಮೂರೂ ಕಸುಬಿನವರಿಗೆಂದೇ ಮಾರುವಂಥವು. ಬೇಡವಾದುದನ್ನು ಏಳು ದಿನದೊಳಗೆ ಹಿಂದಿರುಗಿಸಬಹುದಿತ್ತು. ತೇಜಸ್ ಅವುಗಳಿಗೆ ಅ, ಆ, ಇ ಎಂದು ಹೆಸರಿಟ್ಟು ಒಂದು ಕೋಷ್ಟಕ ಮಾಡಿಕೊಂಡಿದ್ದ. ಕಿವಿಗೆ ಕೂರುವ ಎರಡು ಕಪ್ಪುಗಳ ನಡುವೆ ತನ್ನ ತಲೆಯ ಅಗಲಕ್ಕೆ ಕತ್ತರಿಸಿದ ಥರ್ಮೋಕೋಲ್ ತುಂಡನ್ನಿಟ್ಟು, ಒಂದು ಕಪ್ಪಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ಕಪ್ಪು ಥರ್ಮೋಕೋಲನ್ನು ಬಿಡುವ ಕ್ಷಣದ ಒತ್ತಡವನ್ನು ಗುರುತು ಹಾಕಿಕೊಳ್ಳುತ್ತಿದ್ದ. 'ಅ' ಹಗುರ, ಆದರೆ ಕಿವಿಯ ಮೇಲೆಯೇ ಕೂತು ಹಿಂಡುತ್ತಿತ್ತು. 'ಇ' ಭಾರ, ಅದರ ಕಪ್ಪುಗಳು ಕಿವಿಯನ್ನು ಪೂರ್ತಿ ಮುಚ್ಚಿ ಹೊರಗಿನ ಸದ್ದನ್ನು ಬಾಗಿಲು ಹಾಕಿದಂತೆ ತಡೆಯುತ್ತಿದ್ದವು. 'ಆ'ಗೆ ಮಖಮಲ್ಲಿನ ಮೆತ್ತೆ. ಹಾಕಿಕೊಂಡದ್ದೇ ಮರೆತುಹೋಗುವಂಥದ್ದು.

ಹಿತ ಎಷ್ಟೆಂದು ತಿಳಿಯಲು ಪ್ರತಿಯೊಂದನ್ನೂ ಎರಡು ಗಂಟೆ ಸತತವಾಗಿ ಹಾಕಿಕೊಂಡು ಕೂರಬೇಕೆಂದು ಅವನೇ ನಿಯಮ ಮಾಡಿಕೊಂಡಿದ್ದ. ಕೋಷ್ಟಕದ ಉಳಿದ ಸಾಲುಗಳು ಒಂದೊಂದೇ ಸಲ ತುಂಬಿದ್ದವು. ಈ ಸಾಲಿನಲ್ಲಿ ಮಾತ್ರ ಮೂರು, ನಾಲ್ಕು, ಐದು ಸಲದ ಅಂಕಿಗಳಿದ್ದವು. ಹೆಡ್‌ಫೋನು ಹಾಕಿ ಕೂತವನನ್ನು ಈ ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಬಾಗಿಲವರೆಗೆ ಬಂದವರು ಕೈಯಲ್ಲೇ 'ಆಮೇಲೆ' ಎಂದು ತೋರಿಸಿ ಹಿಂದಿರುಗುತ್ತಿದ್ದರು. ಮದುವೆಯಾಗಿ ಈ ಮನೆಗೆ ಬಂದು ಹನ್ನೊಂದು ತಿಂಗಳಲ್ಲಿ ಅವನಿಗೆ ಹಾಗೊಂದು ಎರಡು ಗಂಟೆ ಸಿಕ್ಕಿದ್ದು ಇದೇ ಮೊದಲು.

ಸಂಜೆ ಮಾವ ಸಣ್ಣಸ್ವಾಮಿ ಮಹಡಿ ಹತ್ತಿ ಬಂದರು. ನಲವತ್ತು ವರ್ಷದ ಹಿಂದೆ ಅರಕಲಗೂಡಿನ ಕಡೆಯಿಂದ ಕುಶಾಲನಗರಕ್ಕೆ ಬಂದು, ಸೈಕಲ್ಲಿಗೆ ಎರಡು ಹಾರ್ನು ಕಟ್ಟಿಕೊಂಡು ಮದುವೆಮನೆಗಳಿಗೆ ಮೈಕ್ ಹಾಕುತ್ತ 'ಸಣ್ಣಸ್ವಾಮಿ ಸೌಂಡ್ಸ್' ಮಾಡಿದವರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆ ಈಗ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ.

"ಆಯ್ತೇನಳಿಯಂದ್ರೆ, ಪರೀಕ್ಷೆ?"

"ಇನ್ನೊಂದೆರಡು ಇದೆ ಮಾವ."

ಸಣ್ಣಸ್ವಾಮಿ ಮಂಚದ ತುದಿಯಲ್ಲಿ ಕೂತು ನೋಟ್‌ಬುಕ್ಕನ್ನು ದೂರ ಹಿಡಿದು ನೋಡಿದರು. "ಇದೇನು, ಇನ್ನೂರೈವತ್ತು?"

"ಅದು 'ಆ'ದ ಓಮ್. ಕರೆಂಟಿಗೆ ಎಷ್ಟು ತಡೆ ಅಂತ. ಜಾಸ್ತಿ ಇದ್ದಷ್ಟೂ ಜೋರಾಗಿ ತಳ್ಳಬೇಕಾಗುತ್ತೆ. ನಮ್ಮ ಡಿಜೆ ಕನ್ಸೋಲಿಗೆ ಅಷ್ಟು ಶಕ್ತಿ ಇಲ್ಲ. ಮೂರರಲ್ಲಿ ಇದರ ಸೌಂಡೇ ಚೆನ್ನಾಗಿರೋದು, ಆದ್ರೆ ಬೇರೆ ಆಂಪ್ಲಿಫೈಯರ್ ಬೇಕು."

"ಆಂಪ್ಲಿಫೈಯರ್ ಇಲ್ದಿದ್ರೆ?"

"ಕೂತಿರುತ್ತೆ. ಮಾತಾಡಲ್ಲ."

"ನಮ್ಮ ಅಳಿಯಂದ್ರ ಥರ ಅನ್ನಿ," ಎಂದು ಸಣ್ಣಸ್ವಾಮಿ ನಕ್ಕರು. ತೇಜಸ್ಸೂ ನಕ್ಕ. "ಯಾವ್ದಾದ್ರೂ ತಕ್ಕಳಿ. ಭಾನುವಾರ ಪಾಲಿಬೆಟ್ಟದ ಮದ್ವೇಲಿ ನೀವು ನಿಂತ್ಕಳೋದು ಮುಖ್ಯ. ಒಂದು ಮಾತ್ರ ನೆಪ್ಪಿರ್ಲಿ. ಕೊಡವರ ಮದ್ವೆ. ಹಾಡಿಂದ ವಾಲಗಕ್ಕೆ ಹೋಗೋವಾಗ ಸಂದು ಬೀಳ್ಬಾರ್ದು. ಸಂದು ಬಿದ್ರೆ ಕುಣಿಯೋ ಹಿರೀರು ಕೂತ್ಕತಾರೆ. ಒಂದ್ಸಲ ಕೂತ್ರೆ ಎಬ್ಸಕ್ಕಾಗಲ್ಲ. ಮುಂದಿನ ಮದ್ವೆಗೆ ನಮ್ಮನ್ನ ಕರೆಯೋದೂ ಇಲ್ಲ."

ಹಳೆಯ ಡಿಜೆ ಸುದೀಪ ಮಡಿಕೇರಿಯ ಹತ್ತಿರದ ಒಂದು ರೆಸಾರ್ಟಿಗೆ ಸೇರಿ ತಿಂಗಳಾಗಿತ್ತು. ಎಂ.ಎಸ್ಸಿ. ಎಲೆಕ್ಟ್ರಾನಿಕ್ಸ್ ಓದಿದ ಅಳಿಯನೇ ಇನ್ನು ಮುಂದೆ ಮೇಜಿನ ಹಿಂದೆ ನಿಲ್ಲುತ್ತಾನೆಂದು ಸಣ್ಣಸ್ವಾಮಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ತೇಜಸ್ ಬಾಯಿ ತೆರೆದ. ಅಷ್ಟರಲ್ಲಿ ಮಾವ ಸೊಂಟ ಹಿಡಿದುಕೊಂಡು ಏಳಲು ಒದ್ದಾಡಿದ್ದರಿಂದ ಅವರ ರಟ್ಟೆಗೆ ಕೈಕೊಟ್ಟು ಎಬ್ಬಿಸಿದ.

ಅವನು ಹೇಳಬೇಕೆಂದಿದ್ದುದು ಸಣ್ಣ ಮಾತು. ತನಗೆ ಆ ಕೆಲಸ ಬರುವುದಿಲ್ಲ.

ಆ ಕೆಲಸ ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕಿವಿಗೆ ಸಭಾಂಗಣದಲ್ಲಿ ಓಡುತ್ತಿರುವ ಹಾಡು. ಹೆಡ್‌ಫೋನಿನ ಕಪ್ಪು ಮುಚ್ಚಿದ ಇನ್ನೊಂದು ಕಿವಿಗೆ ಮುಂದಿನ ಹಾಡು. ಎರಡರ ಪೆಟ್ಟೂ ಒಂದೇ ಜಾಗದಲ್ಲಿ ಬೀಳುವಂತೆ ಎರಡನೆಯದನ್ನು ತುಸು ಓಡಿಸಿ, ತುಸು ತಡೆದು, ಕೂಡಿದ ಕ್ಷಣದಲ್ಲಿ ಸದ್ದು ಏರಿಸುವ ಫೇಡರನ್ನು ಮೇಲಕ್ಕೆ ತಳ್ಳುವುದು. ಸಿನಿಮಾ ಹಾಡುಗಳಾದರೆ ಕಂಪ್ಯೂಟರೇ ಪೆಟ್ಟು ಎಣಿಸಿ ಕೂಡಿಸುತ್ತಿತ್ತು. ವಾಲಗದ ಮುಂದೆ ಕಂಪ್ಯೂಟರಿನ ಆಟ ನಡೆಯುತ್ತಿರಲಿಲ್ಲ. ಆ ಕೊಂಬು, ಪೀಪಿ, ಡೋಲುಗಳನ್ನು ಯಾವುದೋ ಮದುವೆಯಂಗಳದಲ್ಲಿ ರೆಕಾರ್ಡ್ ಮಾಡಿದ್ದರು. ಬಾರಿಸುವವರು ಕುಣಿಯುವವರ ಕಾಲು ನೋಡಿಕೊಂಡು ಒಮ್ಮೆ ಓಡಿ ಒಮ್ಮೆ ನಿಧಾನಿಸಿ ಬಾರಿಸಿದ್ದರು. ತೆರೆಯ ಮೇಲೆ ಕಂಪ್ಯೂಟರ್ ಎಳೆದ ಗೆರೆಗಳು ಒಂದು ಕಡೆ, ಡೋಲಿನ ಪೆಟ್ಟು ಇನ್ನೊಂದು ಕಡೆ. ಅಲ್ಲಿ ಕಿವಿಯೇ ಬೇಕು.

ಒಳ್ಳೆಯ ಹೆಡ್‌ಫೋನಿದ್ದರೆ ಕೇಳಿಸೀತೆಂದು ಅವನು ನಂಬಿದ್ದ. ಬುಧವಾರ ಬೆಳಗ್ಗೆ ಒಂದೊಂದರಲ್ಲೂ ಇಪ್ಪತ್ತು ಸಲ ಕೂಡಿಸಿ ನೋಡಿದ. 'ಆ'ಗೆ ಗೋಡೌನಿನಿಂದ ಹಳೆಯ ಪುಟ್ಟ ಆಂಪ್ಲಿಫೈಯರ್ ತಂದು ಜೋಡಿಸಿದ. ಪೀಪಿಯವನು ಉಸಿರೆಳೆದುಕೊಳ್ಳುವುದು ಕೂಡ ಅದರಲ್ಲಿ ಬೇರೆಯಾಗಿ ಕೇಳುತ್ತಿತ್ತು. ಸರಿಯಾದದ್ದು 'ಅ'ದಲ್ಲಿ ನಾಲ್ಕು, 'ಆ'ದಲ್ಲಿ ಐದು, 'ಇ'ಯಲ್ಲಿ ನಾಲ್ಕು. ಅಂಕಿಗಳನ್ನು ನೋಡುತ್ತ ಕೂತ. ವ್ಯತ್ಯಾಸವಿದೆಯೆಂದು ಹೇಳಲಾಗದ ಅಂಕಿಗಳು. ಮೂರು ಪ್ರಯೋಗದಲ್ಲೂ ಬದಲಾಗದೆ ಉಳಿದದ್ದು ಎರಡು ಕಪ್ಪುಗಳ ನಡುವಿನ ತಲೆ ಒಂದೇ. 'ಇ' ಹಾಕಿಕೊಂಡು ಇನ್ನೊಮ್ಮೆ ಕೂಡಿಸತೊಡಗಿದ.

"ಈಗ," ಎಂದಳು ಹೆಂಡತಿ ವೀಣಾ.

ಅವಳು ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದಳು. ಯಾವಾಗ ಬಂದಳೋ ಅವನಿಗೆ ತಿಳಿದಿರಲಿಲ್ಲ.

"ಏನು ಈಗ?"

"ಆಗ ಬಿಡಬೇಕಿತ್ತು. ಹೋಯ್ತು ಬಿಡಿ. ಡೋಲು ಅರ್ಧ ಹೆಜ್ಜೆ ಹಿಂದೆ ಬಿತ್ತು."

"ನಿಂಗೆಲ್ಲಿ ಕೇಳಿಸ್ತು?"

"ಒಂದು ಕಪ್ಪು ಆಚೆ ತಿರುಗಿಸ್ಕೊಂಡಿದೀರಲ್ಲ, ಸೋರ್ತಿದೆ." ಕೈಯಲ್ಲಿದ್ದ ಲಂಗವನ್ನು ಪಕ್ಕಕ್ಕಿಟ್ಟು ಎದ್ದು ಬಂದಳು. "ಕೊಡಿ ಇಲ್ಲಿ."

ಅವಳು 'ಇ'ಯನ್ನು ತಲೆಗೆ ಹಾಕದೆ, ಒಂದು ಕಪ್ಪನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದಳು. ಬೆರಳುಗಳು ಕನ್ಸೋಲಿನ ಮೇಲೆ ಏನನ್ನೂ ಹುಡುಕಲಿಲ್ಲ. ಹತ್ತು ಸಲ ಮಾಡಿದಳು, ಹತ್ತೂ ಸರಿ. ಏಳನೆಯ ಸಲ ವಾಲಗ ಯಾವಾಗ ಒಳಗೆ ಬಂತೆಂದೇ ತೇಜಸ್ಸಿಗೆ ಗೊತ್ತಾಗಲಿಲ್ಲ. ಅಭ್ಯಾಸಬಲದಿಂದ ಅಂಕಿ ಬರೆದುಕೊಳ್ಳಲು ಹೋದವನು, ಯಾವ ಕಂಬಸಾಲಿನಲ್ಲಿ ಬರೆಯಬೇಕೆಂದು ತಿಳಿಯದೆ ಪೆನ್ನು ಕೆಳಗಿಟ್ಟ.

"ಭಾನುವಾರ ನೀನೇ ನಿಂತ್ಕೋ," ಎಂದ.

"ಅಪ್ಪನಿಗೆ ನೀವು ಹೇಳ್ತೀರಾ?"

"ಹೇಳ್ತೀನಿ."

ವೀಣಾ ಅವನ ಮುಖ ನೋಡಿದಳು. "ಊಟ ಆದ್ಮೇಲೆ ಹೇಳಿ. ಹಸಿದಿದ್ರೆ ಕೂಗಾಡ್ತಾರೆ."

ಊಟವಾದ ಮೇಲೆ ಸಣ್ಣಸ್ವಾಮಿ ಗೋಡೌನಿನಲ್ಲಿ ವಯರುಗಳನ್ನು ಮೊಣಕೈಗೂ ಅಂಗೈಗೂ ಸುತ್ತುತ್ತ ನಿಂತಿದ್ದರು. ತೇಜಸ್ ಇನ್ನೊಂದು ತುದಿ ಹಿಡಿದುಕೊಂಡ. ಸಿಕ್ಕು ಬಿಡಿಸುತ್ತ, "ವೀಣಾಗೆ ಕಿವಿ ಚೆನ್ನಾಗಿದೆ ಮಾವ," ಎಂದ.

ಸುತ್ತುವ ಕೈ ನಿಲ್ಲಲಿಲ್ಲ. "ಗೊತ್ತು."

"ನನಗಿಂತ..."

"ಹದಿನಾರು ವರ್ಷದವಳಿದ್ದಾಗ್ಲೇ ಗೊತ್ತು. ಒಂದೆರಡು ಕಡೆ ನಿಲ್ಸಿದ್ದೆ. ಸೋಮವಾರಪೇಟೆ ಹತ್ರ ಒಂದ್ ಮದ್ವೇಲಿ ಕುಡ್ದೋನೊಬ್ಬ ಮೇಜಿನ ಮೇಲೆ ಹತ್ತಿ ಇವಳ ಕೈ ಹಿಡ್ಕಂಡ. ನಾನು ಹಿಂದ್ಗಡೆ ಕೂತು ಫ್ಯೂಸ್ ಹಾಕ್ತಿದ್ದೆ. ನಾನು ಎದ್ದು ಬರೋದ್ರಲ್ಲಿ ಇಡೀ ಮಂಟಪ ನೋಡ್ತು. ನಗ್ತಾ ನೋಡ್ತು." ವಯರಿನ ಸುರುಳಿಯನ್ನು ಗೂಟಕ್ಕೆ ಹಾಕಿದರು. "ಅವತ್ತೇ ತೀರ್ಮಾನ ಮಾಡ್ದೆ. ಮೇಜಿನ ಹಿಂದೆ ಗಂಡ್ಸೇ ನಿಲ್ಬೇಕು. ಅದಕ್ಕೇ ನಿಮ್ಮನ್ನ ಹುಡುಕಿದ್ದು. ಜಮೀನಿರೋ ಹುಡುಗ್ರು ನಾಕು ಜನ ಬಂದಿದ್ರು. ಎಲೆಕ್ಟ್ರಾನಿಕ್ಸ್ ಓದಿರೋನೇ ಬೇಕು ಅಂತ ಕೂತೆ."

ತೇಜಸ್ಸಿನ ಕೈಯಲ್ಲಿ ವಯರಿನ ತುದಿ ಉಳಿದುಕೊಂಡಿತ್ತು. ಹೊಳೆನರಸೀಪುರದ ಕಾಲೇಜಿನಲ್ಲಿ ಅವನ ಅತಿಥಿ ಉಪನ್ಯಾಸಕ ಹುದ್ದೆ ಮುಗಿದು ವರ್ಷ ಕಳೆದಿತ್ತು. ಊರಿನ ಮನೆಯಲ್ಲಿ ಅವನಿದ್ದ ಕೋಣೆಯಲ್ಲಿ ಈಗ ಅಣ್ಣನ ಮಕ್ಕಳು ಓದುತ್ತಿದ್ದರು. 'ನನಗೆ ಬರುವುದಿಲ್ಲ' ಎಂದುಬಿಟ್ಟರೆ, ಹಾಗಾದರೆ ಇಲ್ಲೇಕೆ ಇದ್ದೀ ಎಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅಷ್ಟು ಒಳ್ಳೆಯವರು. ಆ ಪ್ರಶ್ನೆಯನ್ನು ಅವನೇ ದಿನಾ ಕೇಳಿಕೊಳ್ಳಬೇಕಾಗುತ್ತದೆ.

"ಹೇಳಿದ್ರಾ?" ಎಂದು ಅವನು ಮಹಡಿಗೆ ಬಂದಾಗ ಕೇಳಿದಳು ವೀಣಾ.

"ಇಲ್ಲ."

ಅವಳು ಆಶ್ಚರ್ಯಪಡಲಿಲ್ಲ. ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಆಡಿಸುತ್ತ, "ಒಂದು ತೂತಿಗೆ ಎರಡು ಹೆಡ್‌ಫೋನು ಹಾಕಬಹುದಲ್ವಾ?" ಎಂದಳು. "ನಾನು ನಿಮ್ಮ ಹಿಂದೆ ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ. ಹೆಂಡತಿ ಜೊತೇಲಿ ಬಂದು ಕೂತವಳೆ ಅಂತಾರೆ ಅಷ್ಟೆ. ಯಾವಾಗ ಬಿಡಬೇಕು ಅಂತ ಬೆನ್ನಿಗೆ ತಟ್ತೀನಿ. ಬೆರಳು ಮೇಲಕ್ಕೆ ಎಳೆದ್ರೆ ಓಡ್ಸಿ. ಕೆಳಕ್ಕೆ ಎಳೆದ್ರೆ ತಡೀರಿ. ಒತ್ತಿದ್ರೆ ಫೇಡರ್ ತಳ್ಳಿ."

ತೇಜಸ್ ಲೆಕ್ಕ ಹಾಕಿದ. ಕವಲು ಪಿನ್ನಿನಲ್ಲಿ ಎರಡನ್ನು ಒಟ್ಟಿಗೆ ಹಾಕಿದರೆ ಕನ್ಸೋಲಿನ ಶಕ್ತಿ ಎರಡಕ್ಕೂ ಹಂಚಿಹೋಗುತ್ತದೆ. ಕಡಿಮೆ ಓಮಿನದ್ದು ಬೇಕಾದಷ್ಟು ಎಳೆದುಕೊಳ್ಳುತ್ತದೆ. ಇನ್ನೂರೈವತ್ತು ಓಮಿನದ್ದು ಹನಿಯಷ್ಟೂ ಎಳೆಯುವುದಿಲ್ಲ, ಅದು ಇದ್ದರೂ ಇಲ್ಲದಿದ್ದರೂ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಸಭಾಂಗಣದ ಗದ್ದಲವನ್ನು ತಡೆಯುವ 'ಇ' ವೀಣಾಗೆ. 'ಆ' ತನಗೆ. ಅದರಲ್ಲಿ ಗೋಡೆಯಾಚೆಯ ಮನೆಯ ರೇಡಿಯೋದಂತೆ ಏನೋ ಇದೆಯೆಂಬಷ್ಟು ಮಾತ್ರ ಕೇಳುತ್ತದೆ. ತನಗೆ ಕೇಳಬೇಕಾದದ್ದೂ ಏನಿಲ್ಲ. ಮೆತ್ತಗಿದೆ, ನೋಯಿಸುವುದಿಲ್ಲ, ದೂರದಿಂದ ನೋಡುವವರಿಗೆ ದೊಡ್ಡದಾಗಿ ಕಾಣುತ್ತದೆ. ಪರೀಕ್ಷೆ ಶುರುಮಾಡಿದ ಮೇಲೆ ಮೊದಲ ಬಾರಿಗೆ ಕೋಷ್ಟಕದ ಕೆಳಗೆ ಒಂದು ತೀರ್ಮಾನ ಬರೆದ. 'ಅ'ವನ್ನು ಡಬ್ಬದಲ್ಲಿಟ್ಟು ಹಿಂದಕ್ಕೆ ಕಳಿಸಿದ. ಎರಡೇಕೆ ಎಂದು ಮಾವ ಕೇಳಿದಾಗ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದ. "ಓದಿದೋರು ಓದಿದೋರೇ," ಎಂದರು ಸಣ್ಣಸ್ವಾಮಿ, ಹೆಂಡತಿಗೆ ಕೇಳುವಂತೆ.

ಭಾನುವಾರ ಮಧ್ಯಾಹ್ನ ಪಾಲಿಬೆಟ್ಟದ ಆ ಕಲ್ಯಾಣಮಂಟಪದಲ್ಲಿ ಧಾರಾಳ ಬೆಳಕಿತ್ತು. ಒಂದು ಕಡೆ ಊಟದ ಮೇಜುಗಳು, ಇನ್ನೊಂದು ಕಡೆ ಕುಣಿಯಲು ಬಿಟ್ಟ ಜಾಗ. ತೇಜಸ್ ಹೊಸ ಬಿಳಿ ಶರ್ಟು ಹಾಕಿಕೊಂಡು ಮೇಜಿನ ಹಿಂದೆ ನಿಂತಿದ್ದ. ಪುಟ್ಟ ಆಂಪ್ಲಿಫೈಯರನ್ನು ಅವನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದ. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ವೀಣಾ, ಕಿವಿಗೆ 'ಇ', ಮಡಿಲಲ್ಲಿ ಯಾವುದೋ ವಾರಪತ್ರಿಕೆ. ಸಣ್ಣಸ್ವಾಮಿ ಎದುರಿನ ಗೋಡೆಯ ಹತ್ತಿರ ನಿಂತು ಇತ್ತಲೇ ನೋಡುತ್ತಿದ್ದರು.

ಬೆನ್ನಿನ ಎಡಗಡೆ ಬೆರಳು ಮೂರು ಸಲ ತಟ್ಟಿತು. ಅವನು ವಾಲಗವನ್ನು ಬಿಟ್ಟ. ಬೆರಳು ಮೇಲಕ್ಕೆ ಎಳೆಯಿತು, ಓಡಿಸಿದ. ತುಸು ಕೆಳಕ್ಕೆ, ತಡೆದ. ಒತ್ತಿತು, ತಳ್ಳಿದ. ಸಿನಿಮಾ ಹಾಡಿನ ಅಡಿಯಿಂದ ಡೋಲು ಎದ್ದು ಬಂತು. ಕುಪ್ಪಸವೆಂಬ ಕರಿ ನಿಲುವಂಗಿ ತೊಟ್ಟ ಹಿರಿಯರು ಹೆಜ್ಜೆ ತಪ್ಪದೆ ಕೈಗಳನ್ನೆತ್ತಿ ತಿರುಗಿದರು. ಮದುಮಗಳ ಅಜ್ಜಿ ಪೊನ್ನಮ್ಮ ಎಪ್ಪತ್ತೆಂಟರ ಪ್ರಾಯದಲ್ಲೂ ಸೆರಗು ಸಿಕ್ಕಿಸಿಕೊಂಡು ಎಲ್ಲರ ನಡುವೆ ಕುಣಿದರು. ಮತ್ತೆ ಹಾಡು, ಮತ್ತೆ ವಾಲಗ. ಎರಡನೆಯ ಸಲವೂ ಸಂದು ಬೀಳಲಿಲ್ಲ. ಎದುರಿನ ಗೋಡೆಯ ಬಳಿ ಮಾವ ಪಕ್ಕದವರಿಗೆ ಏನೋ ಹೇಳುತ್ತ ಇತ್ತ ಕೈತೋರಿಸುವುದು ಕಾಣಿಸಿತು. ತೇಜಸ್ಸಿಗೆ ತನ್ನ ಕೈಗಳು ಯಾರೋ ಇಟ್ಟು ಮರೆತುಹೋದ ವಸ್ತುಗಳಂತೆ ಕಂಡವು.

ಹಾಡು ಅರ್ಧಕ್ಕೆ ಬಂದಿದ್ದಾಗ ಪೊನ್ನಮ್ಮ ಬೆವರು ಒರೆಸಿಕೊಳ್ಳುತ್ತ ಮೇಜಿನ ಹಿಂದಕ್ಕೇ ಬಂದರು.

"ಈ ಹುಡುಗಿ ಊಟ ಮಾಡಿದ್ಳಾ?"

"ಆಮೇಲೆ ಮಾಡ್ತೀನಿ ಅಜ್ಜಿ," ಎಂದಳು ವೀಣಾ.

"ಆಮೇಲೆ ಎಂತದು? ಪಂಕ್ತಿ ಮುಗೀತಾ ಉಂಟು. ನಮ್ಮ ಮನೆ ಮದುವೆಗೆ ಬಂದು ಬರೀ ಹೊಟ್ಟೆಯಲ್ಲಿ ಕೂತ್ಕೊಳ್ಳುದಾ? ಗಂಡ ಎಲ್ಲಿಗೂ ಓಡಿಹೋಗೂದಿಲ್ಲ, ವಯರು ಕಟ್ಟಿದ್ದಾರಲ್ಲ ಅವನಿಗೆ. ಬಾ ಮಗು, ಬಾ ಕುಂಞಿ." ಹೆಡ್‌ಫೋನನ್ನು ತಾವೇ ಅವಳ ತಲೆಯಿಂದ ತೆಗೆದು ಕುರ್ಚಿಯ ಮೇಲಿಟ್ಟು, ಕೈಹಿಡಿದು ಎಬ್ಬಿಸಿದರು. ವೀಣಾ ಹಿಂದೆ ತಿರುಗಿ ನೋಡುತ್ತಲೇ ಹೋದಳು. ಊಟದ ಮೇಜಿನ ಹತ್ತಿರ ಯಾರೋ ಅವಳ ತಟ್ಟೆಗೆ ಅಕ್ಕಿ ತರಿಯ ಉಂಡೆ ಕಡುಂಬುಟ್ಟು, ಕೋಳಿಸಾರು ಹಾಕಿದರು. ಪೊನ್ನಮ್ಮ ಪಕ್ಕದಲ್ಲೇ ನಿಂತು ಒತ್ತಾಯ ಮಾಡಿ ಉಣ್ಣಿಸತೊಡಗಿದರು.

ತೆರೆಯ ಮೇಲೆ ಹಾಡು ಮುಗಿಯಲು ಒಂದು ನಿಮಿಷ ಇಪ್ಪತ್ತು ಸೆಕೆಂಡು ಉಳಿದಿತ್ತು. "ವಾಲಗ ಹಾಕಪ್ಪಾ," ಎಂದು ಕುಣಿಯುವವರಲ್ಲಿ ಒಬ್ಬರು ಕೂಗಿದರು. ತೇಜಸ್ 'ಆ'ವನ್ನು ಕುತ್ತಿಗೆಗಿಳಿಸಿ, ಕುರ್ಚಿಯ ಮೇಲಿದ್ದ 'ಇ'ಯನ್ನು ಎತ್ತಿ ಹಾಕಿಕೊಂಡ. ಇದ್ದಕ್ಕಿದ್ದಂತೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಡೋಲು, ಕೊಂಬು, ಪೀಪಿಯವನ ಉಸಿರು. ಯಾವುದು ಯಾವುದರ ಜೊತೆ ಸೇರಬೇಕೆಂದು ಮಾತ್ರ ತಿಳಿಯಲಿಲ್ಲ. ಬೆನ್ನು ಬೆರಳಿಗಾಗಿ ಕಾಯುತ್ತಿತ್ತು. ನಲವತ್ತು ಸೆಕೆಂಡು. ಇಪ್ಪತ್ತು. ಎಲ್ಲೋ ಸರಿಯಾದಂತೆ ಅನ್ನಿಸಿ ಫೇಡರ್ ತಳ್ಳಿದ.

ಎರಡು ತಾಳಗಳು ಒಂದರ ಮೇಲೊಂದು ಬಿದ್ದು ಉರುಳಿದವು. ಎತ್ತಿದ ಕೈಗಳು ಹಾಗೇ ನಿಂತವು. "ಏನಯ್ಯಾ ಡಿಜೆ, ವಾಲಗದವರು ಚರಂಡಿಗೆ ಬಿದ್ರಾ?" ಎಂದು ಯಾರೋ ಕೇಳಿದ್ದಕ್ಕೆ ಸುತ್ತಲಿದ್ದವರು ನಕ್ಕರು. ಇಬ್ಬರು ಹಿರಿಯರು ಮೊಣಕಾಲು ಹಿಡಿದುಕೊಂಡು ಕುರ್ಚಿಗಳತ್ತ ಹೊರಟರು.

ಅಷ್ಟರಲ್ಲಿ ವೀಣಾ ಓಡಿ ಬಂದಿದ್ದಳು. ಅವನ ತಲೆಯಿಂದ ಹೆಡ್‌ಫೋನು ಕಿತ್ತುಕೊಂಡು ಕುರ್ಚಿಯಲ್ಲಿ ಕೂತಳು. "ಹಾಡು ಇಳಿಸಿ. ವಾಲಗ ಮೊದಲಿಂದ," ಎಂದಳು. ಅವನು 'ಆ'ವನ್ನು ಮತ್ತೆ ಕಿವಿಗೇರಿಸಿದ. ಬೆನ್ನಿಗೆ ಬೆರಳು ಬಿತ್ತು, ಈ ಸಲ ಜೋರಾಗಿ, ಪದೇ ಪದೇ. ಒತ್ತಿತು. ತಳ್ಳಿದ. ಡೋಲು ನೆಟ್ಟಗಾಯಿತು. ಹೊರಟಿದ್ದ ಹಿರಿಯರು ಒಂದು ಕ್ಷಣ ಅನುಮಾನದಿಂದ ನಿಂತು, ಮತ್ತೆ ವೃತ್ತಕ್ಕೆ ಬಂದರು.

ಸಣ್ಣಸ್ವಾಮಿ ಗೋಡೆ ಬಿಟ್ಟು ಬರುತ್ತಿದ್ದರು. ಕುಣಿಯುವವರನ್ನು ಬಳಸಿಕೊಂಡು, ಸೊಂಟದ ಮೇಲೆ ಒಂದು ಕೈಯಿಟ್ಟುಕೊಂಡು, ಮೇಜಿನ ಹಿಂದಕ್ಕೆ ಬಂದು ನಿಂತರು. ತೇಜಸ್ 'ಆ'ವನ್ನು ಕಿವಿಗಳಿಂದ ಕುತ್ತಿಗೆಗೆ ಇಳಿಸಿಕೊಂಡ. ವಿಚಿತ್ರವೆಂದರೆ ಅವನಿಗೆ ಭಯವಾಗಿರಲಿಲ್ಲ. ಮುಗಿಯಿತು ಅನ್ನಿಸಿ ಉಸಿರು ಹಗುರವಾಗಿತ್ತು. ಡೋಲಿನ ಸದ್ದಿನಲ್ಲಿ ಕೇಳಿಸುವಷ್ಟು ಗಟ್ಟಿಯಾಗಿ, "ಮಾವ, ನಂಗೆ ಇದು ಬರಲ್ಲ. ಆಗ್ಲಿಂದ ಮಾಡ್ತಿರೋದು ಇವಳು," ಎಂದ.

ಸಣ್ಣಸ್ವಾಮಿ ಅವನ ಬೆನ್ನನ್ನೇ ನೋಡುತ್ತಿದ್ದರು.

"ಬೆನ್ನಲ್ಲಿ ಸಾರಾಗೈತೆ ಅಳಿಯಂದ್ರೆ," ಎಂದರು.

ವೀಣಾ ತನ್ನ ಬಲಗೈ ನೋಡಿಕೊಂಡಳು. ಊಟದ ಕೈ; ತೊಳೆದಿರಲಿಲ್ಲ. ಬೆರಳ ತುದಿಗಳಲ್ಲಿ ಕೋಳಿಸಾರು ಒಣಗುತ್ತಿತ್ತು. ಕೈಯನ್ನು ಮಡಿಲಿಗೆಳೆದುಕೊಂಡು ಅಪ್ಪನ ಮುಖ ನೋಡಿದಳು. ಸಣ್ಣಸ್ವಾಮಿ ಮಗಳನ್ನು ನೋಡಿದರು, ಅವಳ ಕಿವಿಗಳನ್ನು ಮುಚ್ಚಿದ್ದ ಕಪ್ಪುಗಳನ್ನು ನೋಡಿದರು, ಅಲ್ಲಿಂದ ಕೆಳಗಿಳಿದ ವಯರು ಅಳಿಯನ ವಯರಿನ ಜೊತೆ ಒಂದೇ ತೂತಿಗೆ ಹೋಗುವುದನ್ನು ನೋಡಿದರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಅವಳ ಕೈಗೆ ಕೊಟ್ಟರು. ಆಮೇಲೆ ತಿರುಗಿ ಹೊರಟುಹೋದರು.

ತೇಜಸ್ ಅವರನ್ನೇ ನೋಡುತ್ತ ನಿಂತ. ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ. ಹೊರಗೆ ಹೋಗಿ ಬೀಡಿ ಹಚ್ಚಬಹುದು. ಮೇನ್ ಸ್ವಿಚ್ಚನ್ನೇ ಆರಿಸಿಬಿಡಬಹುದು. ಆದರೆ ಸಣ್ಣಸ್ವಾಮಿ ಮೂಲೆಯಲ್ಲಿ ಉಪಯೋಗಿಸದೆ ಬಿಟ್ಟಿದ್ದ ನಾಲ್ಕನೆಯ ಬೇಸ್ ಸ್ಪೀಕರ್ ಬಾಕ್ಸಿನ ಹತ್ತಿರ ಹೋಗಿ, ಬಗ್ಗಿ, ಕಾಲಿನಿಂದ ಅದರ ಚಕ್ರಗಳ ಬ್ರೇಕು ತೆಗೆದರು. ಸಹಾಯಕ್ಕೆ ಬಂದ ನೆಂಟರೊಬ್ಬರನ್ನು ಕೈಯಾಡಿಸಿ ದೂರ ಕಳಿಸಿದರು. ಎದೆಯೆತ್ತರದ ಆ ಕರಿ ಡಬ್ಬವನ್ನು ಎರಡೂ ಕೈಯಲ್ಲಿ ಒತ್ತಿ, ಗೋಡೆಯುದ್ದಕ್ಕೂ ನಿಧಾನವಾಗಿ ತಳ್ಳಿಕೊಂಡು ಬಂದರು.

ಅದನ್ನು ತೇಜಸ್ಸಿನ ಪಕ್ಕದಲ್ಲಿ, ವೀಣಾಳ ಕುರ್ಚಿಗೆ ಮರೆಯಾಗುವಂತೆ ಮೇಜಿಗೆ ಒತ್ತಿ, ಅವಳ ಕೈ ತೂರುವಷ್ಟು ಮಾತ್ರ ಸಂದು ಬಿಟ್ಟು ನಿಲ್ಲಿಸಿದರು. ನೆಲದ ಮೇಲಿದ್ದ ವಯರನ್ನು ಪಾದದಿಂದ ಒಳಕ್ಕೆ ಸರಿಸಿದರು. "ನೀವು ನಿಂತ್ಕಳಿ," ಎಂದರು ತೇಜಸ್ಸಿಗೆ, ಎಂದಿನ ದನಿಯಲ್ಲೇ.

ವಾಲಗ ಕೊನೆಯ ಭಾಗಕ್ಕೆ ಬರುತ್ತಿತ್ತು. ಸಂದಿನಿಂದ ಬೆರಳು ಬಂದು ಅವನ ಬೆನ್ನನ್ನು ಹುಡುಕಿತು. ಅವನ ಕೈ ತಾನಾಗಿಯೇ ಫೇಡರಿನ ಮೇಲೆ ಹೋಗಿ ಕಾಯಿತು. ಎದುರಿಗೆ ಸಣ್ಣಸ್ವಾಮಿ ಕುಣಿಯುವವರ ನಡುವೆ ಹೋಗಿ ನಿಂತು ಹಿಂದಿರುಗಿ ನೋಡಿದರು. ಎಡಕ್ಕೆ ನಾಲ್ಕು ಹೆಜ್ಜೆ ಸರಿದು ಅಲ್ಲಿಂದ ನೋಡಿದರು. ಕುರ್ಚಿಯಲ್ಲಿ ಕೂತವರಿಗೆ ಹೇಗೆ ಕಾಣುತ್ತದೆಂದು ಮೊಣಕಾಲು ಬಗ್ಗಿಸಿ, ಸೊಂಟ ಹಿಡಿದುಕೊಂಡು ನೋಡಿದರು. ಆಮೇಲೆ ವಾಪಸು ಬಂದು, ಡಬ್ಬವನ್ನು ಇನ್ನೂ ನಾಲ್ಕು ಬೆರಳಿನಷ್ಟು ಒಳಕ್ಕೆ ತಳ್ಳಿದರು.